ಸಾರಿಗೆ ಉಪ್ಪು ಹಾಕಿದ್ದು ಯಾರು?

ಮನೆಗೆ ತರಿಸಿದ ಹೊಸ ಕುಕ್ಕರ್ ವೇಟ್ ಇಲ್ಲದೆ ಬಂತು. ಡಬ್ಬವನ್ನು ತಲೆಕೆಳಗು ಮಾಡಿ ಕೊಡವಿದರೆ ಥರ್ಮಾಕೋಲಿನ ಚೂರುಗಳು ಉದುರಿದವೇ ಹೊರತು ವೇಟ್ ಉದುರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದೆ. ಜಗಳಕ್ಕೆ ಸಿದ್ಧನಾಗಿಯೇ ಮಾಡಿದ್ದೆ. ಒಂದೆರಡು ಕಟುವಾದ ಮಾತುಗಳನ್ನು ಮಸೆದೂ ಇಟ್ಟುಕೊಂಡಿದ್ದೆ. ಆದರೆ ಅತ್ತ ಕಡೆಯ ಹುಡುಗಿ ನನಗೆ ಬಾಯಿ ತೆರೆಯಲು ಬಿಡದೆ ಕ್ಷಮೆ ಕೇಳತೊಡಗಿದಳು. ಕುಕ್ಕರಿಗಾಗಿ ಕೇಳಿದಳು, ಕಾಯಿಸಿದ್ದಕ್ಕಾಗಿ ಕೇಳಿದಳು, ನಡುವೆ ತನಗೆ ಕೆಮ್ಮು ಬಂದದ್ದಕ್ಕೂ ಕೇಳಿದಳು. ಕೊನೆಗೆ "ಹೋಗಲಿ ಬಿಡಮ್ಮ, ಮನೆಯಲ್ಲಿ ಹಳೆಯ ಕುಕ್ಕರ್ ಇದೆ" ಎಂದು ನಾನೇ ಅವಳನ್ನು ಸಮಾಧಾನಪಡಿಸಿ ಫೋನ್ ಇಟ್ಟೆ. ವೇಟ್ ಇನ್ನೂ ಬಂದಿಲ್ಲ.

ಆ ಹುಡುಗಿ ಕುಕ್ಕರನ್ನು ಕಣ್ಣಿನಿಂದಲೂ ಕಂಡವಳಲ್ಲ. ವೇಟ್ ಇಡಲು ಮರೆತ ಮಹಾನುಭಾವ ಯಾವುದೋ ಗೋದಾಮಿನಲ್ಲಿ ನೆಮ್ಮದಿಯಾಗಿ ಬುತ್ತಿ ಬಿಚ್ಚುತ್ತಿರುತ್ತಾನೆ. ಅಂದಿನಿಂದ ಗಮನಿಸುತ್ತಿದ್ದೇನೆ: ಈ ಲೋಕದಲ್ಲಿ ತಪ್ಪು ಮಾಡುವವರದು ಒಂದು ವಿಭಾಗ, ತಪ್ಪಾಯಿತು ಎನ್ನುವವರದು ಇನ್ನೊಂದು. ಎರಡೂ ಒಬ್ಬರೇ ಆಗಿರುವ ಒಂದು ಪ್ರಸಂಗವಾದರೂ ಸಿಕ್ಕೀತೇ ಎಂದು ಹುಡುಕಲು ಹೊರಟೆ.

ಕಚೇರಿಯ ಕಡತಗಳಲ್ಲಿ ಸಿಗುವುದಿಲ್ಲ. ಗುಮಾಸ್ತರು ಟಿಪ್ಪಣಿ ಬರೆದು ಮಂಡಿಸುತ್ತಾರೆ. ಮೇಲಿನವರು ಕಂಡಿಕೆ 12ನ್ನು ಓದದೆಯೇ ಚಿಕ್ಕರುಜು ಹಾಕುತ್ತಾರೆ. ಅವರ ಮೇಲಿನವರು ಆ ಚಿಕ್ಕರುಜನ್ನು ನಂಬಿ ಹಸಿರು ಶಾಯಿ ಹರಿಸುತ್ತಾರೆ. ತಪ್ಪು ಹೊರಬಿದ್ದ ದಿನ ಕೆಳಗಿನವರು "ಮೇಲಿನವರು ಒಪ್ಪಿದ್ದಾರೆ" ಎನ್ನುತ್ತಾರೆ, ಮೇಲಿನವರು "ಕೆಳಗಿನಿಂದ ಹಾಗೆಯೇ ಬಂತು" ಎನ್ನುತ್ತಾರೆ. ಕಂಪ್ಯೂಟರ್ ಬಂದ ಮೇಲೆ ಈ ಶ್ರಮವೂ ಉಳಿಯಿತು. "ಸಾಫ್ಟ್‌ವೇರ್‌ನಲ್ಲಿ ಹಾಗೆ ಬಂದಿದೆ" ಎಂದರೆ ಮುಗಿಯಿತು. ಪಾಪ, ಅದು ಬಾಯಿಲ್ಲದ ಪ್ರಾಣಿ. ಇನ್ನು ಖಾಸಗಿ ಕಂಪನಿಗಳ ಸಭೆಗಳಲ್ಲಿ "ಯಾರನ್ನೂ ದೂರುವುದು ಬೇಡ, ಎಲ್ಲರೂ ಸೇರಿ ಕಲಿಯೋಣ" ಎಂದು ಯಾರಾದರೂ ತುಂಬು ಔದಾರ್ಯದಿಂದ ಹೇಳಿದರೆ, ತಪ್ಪು ಅವರದೇ ಎಂದು ಕಣ್ಣು ಮುಚ್ಚಿಕೊಂಡು ಪಣ ಕಟ್ಟಬಹುದು.

ಹೊಣೆ ಹೊರುವುದಕ್ಕೂ ಈಗ ತರಬೇತಿ ಇದೆ. ಅಲ್ಲಿ ಎರಡು ಕಥೆಗಳು ಕಡ್ಡಾಯ. 1979ರ ಆಗಸ್ಟ್‌ನಲ್ಲಿ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಾಗ ಇಸ್ರೋ ಅಧ್ಯಕ್ಷ ಸತೀಶ್ ಧವನ್ ಅವರು ಪತ್ರಕರ್ತರ ಎದುರು ತಾವೇ ನಿಂತದ್ದು, ಮರುವರ್ಷ ಜುಲೈನಲ್ಲಿ ಅದು ಗೆದ್ದಾಗ ಆ ಯೋಜನೆಯ ನಿರ್ದೇಶಕರಾಗಿದ್ದ ಕಲಾಂ ಅವರನ್ನು ಮುಂದೆ ಕಳಿಸಿದ್ದು ಒಂದು ಕಥೆ. ಇನ್ನೊಂದು ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರ ರಾಜೀನಾಮೆ. ಧವನ್ ಅವರ ಕಥೆಯನ್ನು ನಮಗೆ ಕಣ್ಣಲ್ಲಿ ನೀರು ತರಿಸುವಂತೆ ಹೇಳುತ್ತಿದ್ದ ತರಬೇತುದಾರರು, ನಡುವೆ ಪ್ರೊಜೆಕ್ಟರ್ ಆರಿಹೋದಾಗ ಬಾಗಿಲ ಬಳಿ ನಿಂತಿದ್ದ ಅಟೆಂಡರನನ್ನು ತರಾಟೆಗೆ ತೆಗೆದುಕೊಂಡರು. ತಂತಿಗೆ ಕಾಲು ತಾಗಿಸಿದ್ದು ಅವರೇ ಎಂದು ಮೊದಲ ಸಾಲಿನವರೆಲ್ಲ ನೋಡಿದ್ದೆವು. ಯಾರೂ ಹೇಳಲಿಲ್ಲ, ಊಟಕ್ಕೆ ಹೊತ್ತಾಗಿತ್ತು.

ಅದಿರಲಿ, ಆ ಕಥೆಗಳು ನನ್ನ ಹುಡುಕಾಟಕ್ಕೆ ಒದಗುವುದೂ ಇಲ್ಲ. 1956ರಲ್ಲಿ ಮೆಹಬೂಬ್‌ನಗರದ ರೈಲು ಅಪಘಾತವಾದಾಗ ಶಾಸ್ತ್ರಿಯವರು ಕೊಟ್ಟ ರಾಜೀನಾಮೆಯನ್ನು ನೆಹರೂ ಒಪ್ಪಲಿಲ್ಲ. ಅದೇ ನವೆಂಬರ್‌ನಲ್ಲಿ ಅರಿಯಲೂರಿನ ಬಳಿ ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗಿ ರೈಲು ಹೊಳೆಗೆ ಬಿದ್ದಾಗ ಮತ್ತೆ ಕೊಟ್ಟರು; ಈ ಬಾರಿ ನೆಹರೂ ಒಪ್ಪಿದರು. ಒಪ್ಪುವಾಗಲೂ, ಇದರಲ್ಲಿ ಶಾಸ್ತ್ರಿಯವರ ತಪ್ಪೇನೂ ಇಲ್ಲ, ಮೇಲ್ಪಂಕ್ತಿಯಾಗಲಿ ಎಂದು ಒಪ್ಪುತ್ತಿದ್ದೇನೆ ಎಂಬ ಅರ್ಥದಲ್ಲೇ ಹೇಳಿದರು. ದೊಡ್ಡ ಮನುಷ್ಯರು, ಸರಿ. ಆದರೆ ಸೇತುವೆ ಕೆಡವಿದ್ದು ಅವರಲ್ಲವಲ್ಲ!

ನನಗೆ ಬೇಕಾದವರು ನಮ್ಮ ಅಡುಗೆ ಭಟ್ಟರು.

ಚಿಕ್ಕಪ್ಪನ ಮಗಳ ಮದುವೆ, ಮಲೆನಾಡಿನ ಒಂದು ಛತ್ರ. ಮೊದಲ ಪಂಕ್ತಿಯಲ್ಲಿ ಗಂಡಿನ ಕಡೆಯ ಹಿರಿಯರು. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲವೂ ಕ್ರಮವಾಗಿ ಬಂದು, ಅನ್ನದ ಮೇಲೆ ಸಾರು ಬಿತ್ತು. ಮೊದಲ ತುತ್ತಿಗೇ ಇಡೀ ಸಾಲು ನಿಂತಿತು. ವರನ ಸೋದರಮಾವ ಎಡಗೈಯಲ್ಲಿ ಲೋಟ ಎತ್ತಿ ಗಟಗಟನೆ ನೀರು ಕುಡಿದರು. ಬಡಿಸುವ ಹುಡುಗ ಸಾರಿನ ಬಕೆಟ್ ಹಿಡಿದು ಕಂಬದ ಮರೆಗೆ ಸರಿದ. ಬಕೆಟ್ ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ಆಗ ಭಟ್ಟರು ಹೊರಬಂದರು. ಬರಿಮೈ, ಸೊಂಟಕ್ಕೆ ಬಿಗಿದ ಪಂಚೆ, ಹೆಗಲ ಮೇಲೆ ಅರಿಶಿನದ ಕಲೆಯ ಚೌಕ, ಕೈಯಲ್ಲಿ ಇನ್ನೂ ಹಬೆಯಾಡುವ ಸಟ್ಟುಗ. ಎರಡು ಸಾಲುಗಳ ನಡುವೆ ನಿಂತು, ಮೈಕಿನವರಿಗೂ ಕೇಳುವಂತೆ ಹೇಳಿದರು: "ಸಾರಿಗೆ ಎರಡು ಸಲ ಉಪ್ಪು ಬಿದ್ದಿದೆ. ಹಾಕಿದ್ದು ನಾನು. ಸಾರನ್ನು ಬದಿಗೆ ಸರಿಸಿ, ಹುಳಿ ಬರುತ್ತದೆ, ಚೆನ್ನಾಗಿದೆ." ಇಷ್ಟೇ. ಕೈ ಮುಗಿಯಲೂ ಇಲ್ಲ, ಒಳಗೆ ಹೋದರು. ಹುಳಿ ನಿಜಕ್ಕೂ ಚೆನ್ನಾಗಿತ್ತು.

ಇಲ್ಲಿಗೆ ಜನ ಭಟ್ಟರನ್ನು ಹೊಗಳಿದರು ಎಂದು ಬರೆಯುವ ಆಸೆಯಿದೆ. ಆದದ್ದೇ ಬೇರೆ. ಇಡೀ ಛತ್ರದಲ್ಲಿ ತಪ್ಪು ಒಪ್ಪಿಕೊಂಡವರು ಅವರೊಬ್ಬರೇ ಆದ್ದರಿಂದ, ಅಂದಿನ ಎಲ್ಲ ತಪ್ಪುಗಳೂ ವಿಳಾಸ ಸಿಕ್ಕಿದಂತೆ ಅವರ ಬಳಿಗೇ ಹೊರಟವು. ಕಾಫಿ ತಡವಾಗಿದ್ದು ಭಟ್ಟರಿಂದ. ಜನರೇಟರ್ ಕೆಟ್ಟಿದ್ದು ಭಟ್ಟರು ಗ್ರೈಂಡರ್ ಹಾಕಿದ್ದರಿಂದ. ಪುರೋಹಿತರು ಮುಹೂರ್ತಕ್ಕೆ ಮೊದಲೇ ಗೊಣಗಿದ್ದೂ ಬೆಳಗಿನ ಉಪ್ಪಿಟ್ಟು ಆರಿದ್ದರಿಂದ. ಸಂಜೆ ಯಾರದೋ ಚಪ್ಪಲಿ ಕಾಣದಾದಾಗ, ಅಡುಗೆಮನೆಯ ಹುಡುಗರನ್ನೊಮ್ಮೆ ವಿಚಾರಿಸಿ ಎಂದ ಪುಣ್ಯಾತ್ಮರೂ ಇದ್ದರು. ಲೆಕ್ಕ ತೀರಿಸುವಾಗ ನಮ್ಮ ಚಿಕ್ಕಪ್ಪ, ಹೂವಿನವನು ಕೇಳಿದಷ್ಟನ್ನು ಚಕಾರವೆತ್ತದೆ ಕೊಟ್ಟವರು, ಭಟ್ಟರ ಹಣದಲ್ಲಿ ಸಾರಿನ ಬಾಬ್ತು ಎಂದು ಇನ್ನೂರು ರೂಪಾಯಿ ಹಿಡಿದುಕೊಂಡರು. ಹೂವಿನವನು ತಂದಿದ್ದ ಹಾರ ಧಾರೆಗೆ ಮೊದಲೇ ಬಾಡಿತ್ತು; ಆದರೆ ಅವನು "ಬಿಸಿಲು ಜಾಸ್ತಿ ಸ್ವಾಮಿ" ಎಂದಿದ್ದ. ಬಿಸಿಲಿನ ಹಣ ಯಾರು ಹಿಡಿಯುತ್ತಾರೆ?

ಆದರೂ ನನಗೆ ಬೇಕಾದ ಪ್ರಸಂಗ ಸಿಕ್ಕಿತಲ್ಲ ಎಂದು ಅದನ್ನು ಬಹಳ ಕಾಲ ಹೇಳಿಕೊಂಡು ತಿರುಗಿದೆ. ತರಬೇತುದಾರರೂ ಬಳಸಿಕೊಳ್ಳಬಹುದಾದ ಕಥೆ ಎಂಬ ಹೆಮ್ಮೆಯೂ ಇತ್ತು. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಅಡುಗೆಯ ಯಜಮಾನನ ಮುಖ ಎಲ್ಲೋ ನೋಡಿದಂತಿತ್ತು. ಭಟ್ಟರ ಕೈಕೆಳಗೆ ಆಗ ತರಕಾರಿ ಹೆಚ್ಚುತ್ತಿದ್ದ ಹುಡುಗ. ಈಗ ಸ್ವಂತ ಕೇಟರಿಂಗ್, ಬಣ್ಣದ ವಿಸಿಟಿಂಗ್ ಕಾರ್ಡ್. ಸಾರಿನ ಮಾತು ತೆಗೆದೆ. ಅವನು ನಕ್ಕು, "ಎರಡನೆಯ ಉಪ್ಪು ನನ್ನದೇ ಸಾರ್. ಭಟ್ಟರು ಹಾಕಿದ್ದು ನನಗೆ ಗೊತ್ತಿರಲಿಲ್ಲ. ಅವರು ಕಣ್ಣಾರೆ ನೋಡಿದ್ದರು, ಒಂದು ಮಾತು ಆಡಲಿಲ್ಲ" ಎಂದ.

ನನ್ನ ಒಂದೇ ಒಂದು ಉದಾಹರಣೆಯೂ ಶಾಸ್ತ್ರಿಯವರ ಪಂಗಡಕ್ಕೆ ಸೇರಿಹೋಯಿತು. ನಾನು ಪೆಚ್ಚಾಗಿ ನಿಂತಿರುವಾಗಲೇ ಒಳಗಿನಿಂದ ಯಾರೋ ಪಾಯಸ ತಳ ಹತ್ತಿದೆ ಎಂದು ಕೂಗಿದರು. ಅವನು ಸರ್ರನೆ ತಿರುಗಿ ಮನೆಯ ಯಜಮಾನರಿಗೆ, "ಹುಡುಗರು ಹೊಸಬರು ಸಾರ್, ಎಷ್ಟು ಹೇಳಿದರೂ ಕೇಳುವುದಿಲ್ಲ" ಎಂದು ಹೇಳುತ್ತಲೇ ಒಳಗೆ ಓಡಿದ.