ಸ್ಪಷ್ಟನೆ: ವಿಡಿಯೋ ಗೇಮ್ ಎಡಿಎಚ್‌ಡಿ ಮಾತ್ರೆಗೆ ಬದಲಿಯಲ್ಲ

‘ಮಕ್ಕಳ ಎಡಿಎಚ್‌ಡಿಗೆ ವಿಡಿಯೋ ಗೇಮೇ ಔಷಧ, ಅಮೆರಿಕ ಸರ್ಕಾರವೇ ಒಪ್ಪಿದೆ, ಮಾತ್ರೆ ನಿಲ್ಲಿಸಿ ಮೊಬೈಲ್ ಕೊಡಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. (ಎಡಿಎಚ್‌ಡಿ ಎಂದರೆ ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ.) ಇದರಲ್ಲಿ ನಿಜದ ಎಳೆಯೊಂದಿದೆ, ಉಳಿದದ್ದು ತಪ್ಪು.

2020ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟದ್ದು ‘ಎಂಡೆವರ್‌ಆರ್‌ಎಕ್ಸ್’ ಎಂಬ ಒಂದೇ ಒಂದು ಆಟಕ್ಕೆ. ಅದೂ 8ರಿಂದ 12 ವರ್ಷದ, ಗಮನದ ಕೊರತೆ ಇರುವ ಎಡಿಎಚ್‌ಡಿ ಮಕ್ಕಳಿಗೆ, ವೈದ್ಯರ ಚೀಟಿಯ ಮೇಲೆ, ಇತರ ಚಿಕಿತ್ಸೆಯ ಜೊತೆಗೆ. 2023ರಲ್ಲಿ ಈ ವಯೋಮಿತಿ 17ಕ್ಕೆ ಏರಿತು. ಮಾತ್ರೆಯ ಬದಲಿಗೆ ಎಂದು ಎಲ್ಲೂ ಹೇಳಿಲ್ಲ.

ಆಟದಲ್ಲಿ ಮಗು ಸಾಧನವನ್ನು ಓರೆ ಮಾಡುತ್ತ ದಾರಿ ಸಾಗಬೇಕು, ಜೊತೆಗೇ ಸರಿಯಾದ ಗುರಿ ಕಂಡಾಗ ಮಾತ್ರ ಒತ್ತಬೇಕು. ಮಗುವಿನ ಸಾಮರ್ಥ್ಯ ನೋಡಿ ಕಷ್ಟದ ಮಟ್ಟ ಬದಲಾಗುತ್ತದೆ. 348 ಮಕ್ಕಳ ಪರೀಕ್ಷೆಯಲ್ಲಿ ಪ್ರಮಾಣ ಹೀಗಿತ್ತು: ದಿನಕ್ಕೆ ಸುಮಾರು 25 ನಿಮಿಷ, ವಾರಕ್ಕೆ 5 ದಿನ, 4 ವಾರ. ಕಂಪ್ಯೂಟರ್‌ನಲ್ಲಿ ಅಳೆದ ಗಮನ ಸುಧಾರಿಸಿತು. ಆದರೆ ಹೆತ್ತವರು ಕೊಟ್ಟ ಲಕ್ಷಣಗಳ ಅಂಕದಲ್ಲಿ, ಹೋಲಿಕೆಗಿಟ್ಟಿದ್ದ ಪದದಾಟ ಆಡಿದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಸಂದೇಶ ಬಿಟ್ಟುಬಿಟ್ಟದ್ದು ಇದನ್ನೇ. ಕೆಲವರಿಗೆ ತಲೆನೋವು, ಕಿರಿಕಿರಿಯೂ ಆಯಿತು.

ಮೊಬೈಲ್‌ನ ಶೂಟಿಂಗ್ ಆಟಗಳಿಗೆ ಈ ಫಲಿತಾಂಶ ಅನ್ವಯಿಸದು. ಮಾತ್ರೆಯನ್ನು ನೀವೇ ನಿಲ್ಲಿಸಿದರೆ ಲಕ್ಷಣಗಳು ಮರುಕಳಿಸಬಹುದು, ಕೆಲವು ಔಷಧಗಳನ್ನಂತೂ ಹಂತಹಂತವಾಗಿಯೇ ಇಳಿಸಬೇಕು. ಅನುಮಾನವಿದ್ದರೆ ಮಗುವಿನ ವೈದ್ಯರನ್ನು ಕೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.