ಸತ್ತ ಮೇಲೂ ಬಿಪಿ 120/80

ನಮ್ಮ ಸಿರಸಿ ಕಡೆಯವರ ಆರೋಗ್ಯ ನೋಡಿದರೆ ಡಾಕ್ಟರುಗಳೇ ಬೆರಗಾಗಬೇಕು. ಮೂರು ಹೊತ್ತೂ ಉಪ್ಪಿನಕಾಯಿ ನೆಕ್ಕುವ ಅಜ್ಜನಿಗೆ 120/80. ಬಾಯಿಂದ ಎಲೆಯಡಿಕೆ ಕವಳ ಇಳಿಸದ ಹೆಗಡೇರಿಗೂ 120/80. ಕೊಳೆ ರೋಗಕ್ಕೆ ಅಡಿಕೆಯೆಲ್ಲ ಉದುರಿದ ವರ್ಷವೂ ಯಾರ ಬಿಪಿಯೂ ಏರಲಿಲ್ಲ. ಆರೋಗ್ಯ ಇಲಾಖೆಯ ಪೋರ್ಟಲ್ ಹಾಗೆ ಹೇಳುತ್ತದೆ. ಪೋರ್ಟಲ್ ಸುಳ್ಳು ಹೇಳುತ್ತದಾ?

ವಯಸ್ಸು 30 ದಾಟಿದವರೆಲ್ಲರ ಬಿಪಿ, ಶುಗರ್ ನೋಡಿ ಅದರಲ್ಲಿ ಬರೆದಿಡಬೇಕು. ಒಳ್ಳೆಯ ಯೋಜನೆ. ಸೆಲ್ ಹಾಕುವ ಮಿಷನ್‌ನಲ್ಲಿ 117, 123, 134 ಹೀಗೆಲ್ಲ ಬರುತ್ತದೆ. ಸೊನ್ನೆಯಲ್ಲಿ ಮುಗಿಯುವುದು ಸುಮಾರು ಹತ್ತರಲ್ಲಿ ಒಂದು. ಹಳೇ ಪಾದರಸದ ಮಿಷನ್‌ನಲ್ಲಿ ಎರಡೆರಡಕ್ಕೆ ಗೆರೆ, ಅಲ್ಲಿ ಐದರಲ್ಲಿ ಒಂದು. ನಮ್ಮಲ್ಲಿ ಹತ್ತಕ್ಕೆ ಹತ್ತೂ ಸೊನ್ನೆ. ಇದನ್ನು ಹಿಡಿಯಲು ಸಾಫ್ಟ್‌ವೇರ್ ಬೇಕಿಲ್ಲ, ಕಣ್ಣಿದ್ದರೆ ಸಾಕು. ಆದರೆ ಮೀಟಿಂಗಿನಲ್ಲಿ ನೋಡುವುದು ಬಣ್ಣವನ್ನು ಮಾತ್ರ. ಖಾಲಿ ಇದ್ದರೆ ಕೆಂಪು, ತುಂಬಿದರೆ ಹಸಿರು. ಏನು ತುಂಬಿದೆ ಎಂಬುದಕ್ಕೆ ಬಣ್ಣವೇ ಇಲ್ಲ.

ಆಶಾ ಕಾರ್ಯಕರ್ತೆಯನ್ನು ಬೈಯಬೇಡಿ. ಅವರ ಡೈರಿ ನಾನು ನೋಡಿದ್ದೇನೆ. ಮಳೆಗೆ ನೆನೆಯದಂತೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಸುತ್ತಿಟ್ಟಿದ್ದಾರೆ. ಒಳಗೆ ಪೆನ್ಸಿಲ್ಲಿನಲ್ಲಿ, ‘ಮನೇಲಿಲ್ಲ, ಅಡಿಕೆ ಕೊನೆಕೊಯ್ಲಿಗೆ ಹೋಗಿದ್ದಾರೆ’, ‘ಮಿಷನ್‌ಗೆ ಸೆಲ್ ಇಲ್ಲ’, ‘ಹಳ್ಳ ತುಂಬಿದೆ, ದಾಟಲಿಲ್ಲ’. ಇಷ್ಟು ನಿಜದ ದಾಖಲೆ ಜಿಲ್ಲೆಯ 12 ತಾಲೂಕು ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಆ್ಯಪ್‌ನಲ್ಲಿ ‘ಹಳ್ಳ ತುಂಬಿದೆ’ ಎಂಬ ಕಾಲಂ ಇಲ್ಲ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಅದೂ ಸಿಗ್ನಲ್ ಸಿಕ್ಕಿದರೆ. ಸಿಗ್ನಲ್ ಇರುವುದು ಭೂತಪ್ಪನ ಕಟ್ಟೆ ಹತ್ತಿರ ಮಾತ್ರ.

ಇಂಗ್ಲಿಷಿನಲ್ಲಿ ಹೆಗಡೆಯನ್ನು ಮೂರು ಥರ ಬರೆಯಬಹುದು. ಹಾಗಾಗಿ ಪೋರ್ಟಲ್‌ನಲ್ಲಿ ಒಬ್ಬ ಗಣಪತಿ ಹೆಗಡೆ ಮೂರು ಜನ. ಮೂವರೂ ಜನವರಿ 1ಕ್ಕೇ ಹುಟ್ಟಿದವರು. ಇರಲಿ.

ನಮ್ಮ ಮಾವ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಈ ಜಿಲ್ಲೆಯ ಗಂಟಲು ಒಣಗಿದೆ. ಹಾಗಾಗಿ ನಮ್ಮವರು ಸಾಯಲಿಕ್ಕೂ ಘಟ್ಟ ಇಳಿದು ಮಂಗಳೂರು ಕಡೆ ಹೋಗಬೇಕು, ಇಲ್ಲಾ ಹುಬ್ಬಳ್ಳಿಗೆ. 1969ರ ಕಾಯ್ದೆ ಪ್ರಕಾರ ಸಾವು ಆದ ಊರಲ್ಲೇ ನೋಂದಣಿ. ಅಂತೂ ಮಾವ ಸತ್ತದ್ದು ಮಂಗಳೂರಲ್ಲಿ, ಬದುಕಿರುವುದು ನಮ್ಮೂರ ಬಿಪಿ ಪಟ್ಟಿಯಲ್ಲಿ. ಹೆಸರು ತೆಗೆಯಲು ಮರಣ ಪ್ರಮಾಣಪತ್ರ, ಕಾರಣ, ಮೇಲಿನವರ ಒಪ್ಪಿಗೆ ಎಲ್ಲ ಬೇಕಂತೆ. ಪ್ರಮಾಣಪತ್ರ ಬೆಂಗಳೂರಲ್ಲಿರುವ ಮಗನ ಬ್ಯಾಗಿನಲ್ಲಿದೆ. ಬಿಪಿ ಹಾಕಲು ಎರಡು ಅಂಕಿ ಸಾಕು.

ಮೊನ್ನೆ ಆಶಾ ಕಾರ್ಯಕರ್ತೆ ಅತ್ತೆಮನೆ ಜಗುಲಿ ಮೇಲೆ ಮೊಬೈಲ್ ಹಿಡಿದು ಕೂತಿದ್ದರು. ಮುಖ ಬಾಡಿತ್ತು.

“ತಮ್ಮಾ, ಇವತ್ತೇ ಕೊನೇ ದಿನ. ಮಾವಂದು ಎಷ್ಟು ಹಾಕ್ಲಿ?”

ನನಗೆ ಬಾಯೇ ಬರಲಿಲ್ಲ. ಚಾ ಹಿಡಿದು ಬಂದ ಅತ್ತೆಯೇ ಹೇಳಿದರು.

“ಇದ್ದಾಗ ನೂರಾ ಅರವತ್ತರ ಕೆಳಗೆ ಇಳಿದೇ ಇಲ್ಲ. ಈಗ ಆರಾಮ ಇರ್ಬೇಕು, ನೂರಾ ಇಪ್ಪತ್ತೇ ಹಾಕೇ.”