ಮೊದಲು ಪ್ಲಗ್ ಹಾಕಬೇಡಿ

ಹಳೇ ಟಿವಿಯೊಂದನ್ನು ಮನೆಗೆ ತಂದಿಟ್ಟರೆ ಸಾಕು, ಬಂದವರೆಲ್ಲ ಕೇಳುವುದು ಒಂದೇ ಮಾತು: "ಪ್ಲಗ್ ಹಾಕಿ ನೋಡಿದ್ರಾ?" ಹಾಲು ತರುವ ಹುಡುಗನಿಗೂ ಅದೇ ಆತುರ, ಬೆಂಗಳೂರಿನಿಂದ ಬಂದ ಇಂಜಿನಿಯರ್ ಭಾವನಿಗೂ ಅದೇ ಆತುರ. ಇಲ್ಲ ಅಂದರೆ ನನ್ನನ್ನೇ ಒಂಥರಾ ನೋಡುತ್ತಾರೆ. ದುಡ್ಡು ಕೊಟ್ಟು ತಂದ ವಸ್ತುವನ್ನು ಆನ್ ಮಾಡಬಾರದು ಅಂದರೆ ಯಾರಿಗೆ ತಾನೇ ಸಮಾಧಾನ?

ಈ ಟಿವಿ ಸಿಕ್ಕಿದ್ದು ಗೋಣಿಕೊಪ್ಪದ ಒಂದು ಗುಜರಿ ಅಂಗಡಿಯಲ್ಲಿ. ಕಪ್ಪು ಬಿಳುಪು, 20 ಇಂಚು. ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಎಳೆದು ಮುಚ್ಚುವ ಶಟರ್, ಶಟರಿಗೊಂದು ಬೀಗ. ಪರೀಕ್ಷೆ ಹತ್ತಿರ ಬಂದರೆ ಅಮ್ಮಂದಿರು ಬೀಗ ಜಡಿದು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದ ಕಾಲದ್ದು. ಅಂಗಡಿಯವರಿಗೆ ಬೇಕಾಗಿದ್ದದ್ದು ಒಳಗಿನ ತಾಮ್ರ ಮಾತ್ರ. ಅವರು ಯೋಕ್, ಅಂದರೆ ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ, ಬಿಚ್ಚುವ ಮೊದಲು ನಾನು ಅಲ್ಲಿಗೆ ಹೋದೆ, ಅಷ್ಟೇ.

ಕೊಡಗಿನಲ್ಲಿ ಟಿವಿ ನೋಡುವುದು ಆಗ ಸುಲಭದ ಮಾತಾಗಿರಲಿಲ್ಲ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ನಮಗೋ ಎತ್ತ ನೋಡಿದರೂ ಬೆಟ್ಟ ಅಡ್ಡ. ಸಿಲ್ವರ್ ಓಕ್ ಮರದ ತುದಿಗೆ ಆಂಟೆನಾ ಕಟ್ಟಿ ಒಬ್ಬ ತಿರುಗಿಸಬೇಕು, ಅಂಗಳದಲ್ಲಿ ನಿಂತವನು ಕೂಗಬೇಕು, ಕಿಟಕಿಯಲ್ಲಿ ನಿಂತವನು "ಬಂತು, ಬಂತು, ಅಯ್ಯೋ ಹೋಯ್ತು" ಅನ್ನಬೇಕು. 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಕಲರ್ ಬಂತು. ಅದೇ ಗೇಮ್ಸಿನ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು 7-1ರಲ್ಲಿ ಸೋತೆವು. ಅದನ್ನು ಬಣ್ಣದಲ್ಲಿ ನೋಡದಿದ್ದದ್ದೇ ಒಳ್ಳೆಯದಾಯ್ತು ಅಂತ ನಮ್ಮ ದೊಡ್ಡಪ್ಪ ಈಗಲೂ ಹೇಳುತ್ತಾರೆ.

ಇರಲಿ, ಪ್ಲಗ್ಗಿನ ವಿಷಯಕ್ಕೆ ಬರೋಣ. ಸೆಟ್ಟಿನೊಳಗೆ ಚಾರ್ಜ್ ಹಿಡಿದಿಡುವ ಡಬ್ಬಿಯಂಥ ದೊಡ್ಡ ಕಂಡೆನ್ಸರ್‌ಗಳು ವರ್ಷಗಟ್ಟಲೆ ಕರೆಂಟ್ ಕಾಣದೆ ಕೂತರೆ ಒಳಗೇ ಹಾಳಾಗುತ್ತವೆ. ಅಂಥವಕ್ಕೆ ಏಕಾಏಕಿ 230 ವೋಲ್ಟ್ ಕೊಟ್ಟರೆ ಬಿಸಿಯಾಗಿ ಸಿಡಿಯಬಹುದು. ಹೋಗುವಾಗ ಪಕ್ಕದ ನಾಲ್ಕು ಭಾಗಗಳನ್ನೂ ಕರೆದುಕೊಂಡು ಹೋಗುತ್ತವೆ. ಇನ್ನು ನಮ್ಮ ಮಳೆ ಬೇರೆ. ಮಡಿಕೇರಿ ಕಡೆ ವರ್ಷಕ್ಕೆ 100 ಇಂಚು ದಾಟುವುದು ಮಾಮೂಲು. ಆ ಥಂಡಿಯಲ್ಲಿ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಟಿವಿ ಬಿಟ್ಟೀತೇ? ಅದಕ್ಕೇ ಈ ಕೆಲಸವನ್ನು ಕಾಫಿ ಕುಯ್ಲು ಮುಗಿದ ಮೇಲೆ, ಒಳ್ಳೇ ಬಿಸಿಲಿನ ದಿನಗಳಿಗೆ ಇಟ್ಟುಕೊಂಡೆ.

ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೊಂದು ಸಂಸಾರವೇ ನಡೆದಿತ್ತು. ಇಲಿಗೂಡು. ಒಣಹುಲ್ಲು, ಹತ್ತಿ, ಯಾವುದೋ ಲಗ್ನಪತ್ರಿಕೆಯ ಚಿನ್ನದ ಬಣ್ಣದ ಚೂರು, ಅರ್ಧ ಕಡಿದ ಕಾಫಿ ಬೀಜ. ಸ್ಪೀಕರಿನ ವೈರನ್ನು ಒಂದಿಂಚೂ ಬಿಡದೆ ತಿಂದಿದ್ದವು. ಇಲಿಯ ಉಚ್ಚೆ ಬಿದ್ದ ಜಾಗದಲ್ಲಿ ಬೋರ್ಡಿನ ತಾಮ್ರ ಹಸಿರುಗಟ್ಟಿತ್ತು. ಇಲಿಜ್ವರದ ಭಯ ಇದೆಯಲ್ಲ, ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇಲ್ಲದೆ ಇದಕ್ಕೆ ಕೈ ಹಾಕಬಾರದು.

ಆದರೆ ಹೆದರಬೇಕಾದದ್ದು ಇಲಿಗಲ್ಲ, ಪಿಕ್ಚರ್ ಟ್ಯೂಬಿಗೆ. ಇಂಥ ಟ್ಯೂಬ್ ಸುಮಾರು 15,000 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ, ಕಲರ್ ಟ್ಯೂಬಾದರೆ 25,000ದ ಹತ್ತಿರ. ಒಲೆ ಆರಿದ ಮೇಲೂ ಬೂದಿಯ ಕೆಳಗೆ ಕೆಂಡ ಇರುವ ಹಾಗೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಇದಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯುವ ಕೆಲಸ ಅಲ್ಲ ಇದು. ವಿರಾಜಪೇಟೆಯಿಂದ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ.

ಅವರು ಬಂದವರೇ ಉಂಗುರ, ವಾಚ್ ತೆಗೆದಿಟ್ಟರು. ಉದ್ದನೆಯ ಸ್ಕ್ರೂಡ್ರೈವರಿಗೆ ವೈರ್ ಕಟ್ಟಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಹೊರಮೈ ಸುತ್ತ ಇರುವ ಅರ್ತ್ ಜಾಲರಿಗೆ ಕ್ಲಿಪ್ ಮಾಡಿದರು. ಎಡಗೈ ಪ್ಯಾಂಟ್ ಜೇಬಿಗೆ ಹೋಯಿತು. ಎರಡೂ ಕೈ ಒಳಗಿದ್ದರೆ ಶಾಕ್ ಎದೆಯ ಮೂಲಕ ಹಾಯುತ್ತದೆ, ಅದಕ್ಕೆ. ಬಲಗೈಯಿಂದ ಸ್ಕ್ರೂಡ್ರೈವರಿನ ತುದಿಯನ್ನು ಹೈವೋಲ್ಟೇಜ್ ವೈರ್ ಟ್ಯೂಬಿಗೆ ಸೇರುವ ಜಾಗದ ರಬ್ಬರ್ ಟೋಪಿಯ ಅಡಿಗೆ ಮೆಲ್ಲನೆ ತೂರಿಸಿದರು. ಈ ಸೆಟ್ ಎಷ್ಟೋ ಕಾಲದಿಂದ ಸುಮ್ನೆ ಬಿದ್ದಿತ್ತು, ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹಾಗೇ ಮಾಡಿದರು. "ಒಂದ್ಸಲ ಖಾಲಿಯಾದ್ರೂ ಸ್ವಲ್ಪ ವಾಪಸ್ ಬರ್ತದೆ ಸಾರ್" ಅಂದರು. ಟ್ಯೂಬಿನ ಕುತ್ತಿಗೆ ಮುಟ್ಟಲೂ ಬಿಡಲಿಲ್ಲ. ಒಳಗೆ ನಿರ್ವಾತ, ಕುತ್ತಿಗೆ ಮುರಿದರೆ ಗಾಜು ಚೂರುಚೂರಾಗಿ ಮುಖಕ್ಕೆ ಬರಬಹುದಂತೆ.

ಉಬ್ಬಿದ ಕಂಡೆನ್ಸರ್‌ಗಳು ಬದಲಾದವು. ಹಳೆಯದರ ಮೇಲೆ ಬರೆದಿದ್ದ ಅದೇ ಮೈಕ್ರೋಫ್ಯಾರಡ್ ಅಳತೆ, ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ, ಪ್ಲಸ್ ಮೈನಸ್ ಅದಲುಬದಲಾಗಬಾರದು. ಬೆಸುಗೆ ಬಿಟ್ಟುಕೊಂಡ ಜಾಗಗಳಿಗೆ, ಅಂದರೆ ಡ್ರೈ ಸೋಲ್ಡರ್‌ಗಳಿಗೆ ಮತ್ತೆ ಕಾವು ಕೊಟ್ಟರು. "ಎಲ್‌ಒಟಿ ಒಂದು ಚೆನ್ನಾಗಿದ್ರೆ ಸಾಕು, ಅದು ಈಗ ಹುಡುಕಿದ್ರೂ ಸಿಗೋದಿಲ್ಲ" ಅನ್ನುತ್ತಲೇ ಇದ್ದರು. ಟ್ಯೂಬಿಗೆ ಆ ಸಾವಿರಾರು ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರಿಗೇ ಆ ಹೆಸರು.

ಕೊನೆಗೂ ಕರೆಂಟ್ ಕೊಡುವ ಹೊತ್ತು ಬಂತು. ಅದೂ ನೇರವಾಗಿ ಅಲ್ಲ. ಸೆಟ್ಟಿಗೆ ಹೋಗುವ ಕರೆಂಟೆಲ್ಲ ಹಾದು ಹೋಗುವ ಹಾಗೆ ಮಧ್ಯದಲ್ಲಿ 100 ವಾಟಿನ ಬಲ್ಬ್ ಸೀರಿಸ್‌ನಲ್ಲಿ ಇರಬೇಕು. ಎಲ್‌ಇಡಿ ನಡೆಯದು, ತಂತಿ ಉರಿಯುವ ಹಳೇ ಬಲ್ಬೇ ಆಗಬೇಕು. ಕೋಳಿಮರಿ ಬೆಚ್ಚಗಿಡುವ ಪೆಟ್ಟಿಗೆಯಿಂದ ಒಂದನ್ನು ಬಿಚ್ಚಿ ತಂದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ ಬಚಾವ್. ಎಲ್ಲ ಸರಿ ಇದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಆದರೆ ಬಲ್ಬ್ ಕಾಪಾಡುವುದು ಸೆಟ್ಟನ್ನು, ನಮ್ಮನ್ನಲ್ಲ. ಎಷ್ಟೋ ಹಳೇ ಸೆಟ್ಟುಗಳಲ್ಲಿ ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ನೇರ ಕರೆಂಟ್ ಬಂದಿರುತ್ತದೆ. ಅದಕ್ಕಾಗಿ ಮೆಕ್ಯಾನಿಕ್, ಮನೆಯ ಲೈನಿಗೂ ಸೆಟ್ಟಿಗೂ ನೇರ ಸಂಪರ್ಕ ತಪ್ಪಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇರೆ ಹೊತ್ತು ತಂದಿದ್ದರು.

ಬಲ್ಬ್ ಮಿನುಗಿತು, ಮಂಕಾಯಿತು. ಹಿಂದೆ ಟ್ಯೂಬಿನ ಕುತ್ತಿಗೆಯಲ್ಲಿ ಕೆಂಪು ಚುಕ್ಕಿಯಷ್ಟು ಬೆಳಕು. ಆಮೇಲೆ ಪರದೆ ತುಂಬ ಇರುವೆ ಸಾಲು.

ಹಳೇ ಅನಲಾಗ್ ಪ್ರಸಾರ ಬಹುತೇಕ ಕಡೆ ನಿಂತುಹೋಗಿದೆ, ಹಾಗಾಗಿ ಆಂಟೆನಾ ಹಾಕಿ ಉಪಯೋಗ ಇಲ್ಲ. ಸೆಟ್‌ಟಾಪ್ ಬಾಕ್ಸಿಗೂ ಟಿವಿಗೂ ನಡುವೆ, ಬಾಕ್ಸಿನ ಚಿತ್ರವನ್ನು ಹಳೇ ಆಂಟೆನಾ ಸಿಗ್ನಲ್ಲಿನಂತೆ ಮಾಡಿಕೊಡುವ ಆರ್‌ಎಫ್ ಮಾಡ್ಯುಲೇಟರ್ ಇಟ್ಟರೆ ಚಿತ್ರ ಬರುತ್ತದೆ. ಹಿಂದಿನ ಗಾಜು, ಈಗಿನ ನ್ಯೂಸ್. ಕೆಳಗೆ ಓಡುವ ಅಕ್ಷರ ಅರ್ಧ ಕಾಣುವುದಿಲ್ಲ. ಒಳ್ಳೆಯದೇ.

ತಂಗಿಯ ಮಗಳು ಮಾತ್ರ ಬಂದ ತಕ್ಷಣ ಕಿವಿ ಮುಚ್ಚಿಕೊಂಡಳು. "ಮಾವ, ಕುಂಯ್ ಅಂತ ಕೂಗ್ತಿದೆ!" ದೊಡ್ಡಪ್ಪ "ಎಲ್ಲಿ, ಏನೂ ಇಲ್ವಲ್ಲ" ಅಂದರು. ಇಬ್ಬರದ್ದೂ ನಿಜ. ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಒಳಗಿನ ಟ್ರಾನ್ಸ್‌ಫಾರ್ಮರ್ ಅಷ್ಟೇ ಸಲ ಅದುರಿ ಕೂಗುತ್ತದೆ. ಅಷ್ಟು ಕೀರಲು ಸ್ವರ ಮಕ್ಕಳ ಕಿವಿಗೆ ಬೀಳುತ್ತದೆ, ವಯಸ್ಸಾದವರಿಗೆ ಕೇಳಿಸುವುದಿಲ್ಲ. ನನಗೆ ಕೇಳಿಸಿತೋ ಇಲ್ಲವೋ ಅಂತ ಅವಳು ಕೇಳಿದಾಗ ಮಾತು ತಿರುಗಿಸಿದೆ.

ಈಗ ಅತ್ತೆಯವರು ಟಿವಿಗೆ ಕಸೂತಿ ಹಾಕಿದ ಕವರ್ ಹೊಲಿಯಲು ಕೂತಿದ್ದಾರೆ. ಹಿಂದಿನ ಗಾಳಿ ಕಿಂಡಿಗಳನ್ನು ಮುಚ್ಚದ ಹಾಗೆ ಹೊಲಿಯಿರಿ ಅಂತ ಅಳತೆ ಬರೆದುಕೊಟ್ಟಿದ್ದೇನೆ. ಹಿಂದೆ ಬಟ್ಟೆ ಇಲ್ಲದಿದ್ದರೆ ಚೆನ್ನಾಗಿ ಕಾಣಲ್ಲ ಅನ್ನುವುದು ಅವರ ವಾದ.